ಕಿಟಕಿ ಪಕ್ಕದ ಕನ್ನಡ ಅಲ್ಮೇರಾ

ಮೇ 5, ಸೋಮವಾರ

ಇನ್ಸ್‌ಪೆಕ್ಟರ್ ದೀನದಯಾಳನ್ ಇವತ್ತು ನಮ್ಮ ಶಾಖಾ ಗ್ರಂಥಾಲಯಕ್ಕೆ ಬಂದರು. ಹಾಜರಿ ನೋಡಲಿಲ್ಲ, ಪತ್ರಿಕೆಗಳನ್ನು ನೋಡಲಿಲ್ಲ. ನೇರವಾಗಿ ಕಿಟಕಿ ಪಕ್ಕದ ಕನ್ನಡ ಅಲ್ಮೇರಾದ ಹತ್ತಿರ ಹೋಗಿ ಒಂದು ಪುಸ್ತಕದ ಬೆನ್ನ ಮೇಲೆ ಬೆರಳಾಡಿಸಿ ಧೂಳಿದೆಯೇ ಎಂದು ನೋಡಿದರು. ಇರಲಿಲ್ಲ. ವಾರಕ್ಕೊಮ್ಮೆ ನಾನೇ ಒರೆಸುತ್ತೇನೆ. ಅವರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು.

ತಮಿಳಿನಲ್ಲಿ ಶುರು ಮಾಡಿದವರು ನನ್ನ ಮುಖ ನೋಡಿ ಕನ್ನಡಕ್ಕೆ ಇಳಿದರು. "ನಾನೂ ನಿಮ್ಮೋನೇ ದಾಮ್ಮಾ. ಮನೇಲಿ ನಾವೂ ಕನ್ನಡ ದಾ ಮಾತಾಡೋದು. ಆನಾ ಈ ಪುಸ್ತಕ ಯಾರ್ಗೆ ಓದಕ್ಕೆ ಬರ್ತದೆ, ಹೇಳಿ. ನಂಗೇ ಬರಲ್ಲ. ಎಷ್ಟೋ ವರ್ಷದಿಂದ ಒಂದೂ ಹೊರಗ್ ಹೋಗಿಲ್ಲ."

ಜುಲೈ ಕೊನೆಗೆ ಮತ್ತೆ ಬರುತ್ತಾರಂತೆ. ಅಷ್ಟರೊಳಗೆ ಯಾರಾದರೂ ಎರವಲು ಒಯ್ದ ಪುಸ್ತಕ ಉಳಿಯುತ್ತದೆ, ಮಿಕ್ಕದ್ದೆಲ್ಲ ರದ್ದಿಗೆ. ಆ ಜಾಗದಲ್ಲಿ ಪರೀಕ್ಷೆಯ ಗೈಡುಗಳನ್ನು ಇಡಬೇಕು.

ಆ ಅಲ್ಮೇರಾದ ಪುಸ್ತಕಗಳನ್ನು ನಾನು ಒಂದೂ ಬಿಡದೆ ಓದಿದ್ದೇನೆ. ಗ್ರಂಥಪಾಲಕಿಯ ಕುರ್ಚಿಯಲ್ಲಿ ಕುಳಿತೇ ಓದಿದ್ದರಿಂದ ಲೆಕ್ಕಕ್ಕೆ ಬರಲಿಲ್ಲ. ಈಗ ಎಲ್ಲವನ್ನೂ ನನ್ನ ಹೆಸರಿಗೆ ಬರೆದುಕೊಳ್ಳಬಹುದು. ಬರೆದುಕೊಂಡರೆ ಅದು ಗ್ರಂಥಾಲಯವಲ್ಲ, ನನ್ನ ಮನೆಯ ಕಪಾಟು. ನಾನು ಆ ಕೆಲಸ ಮಾಡುವುದಿಲ್ಲ.

ತಮಿಳುನಾಡಿನ ಗಡಿಯ ತಾಳವಾಡಿಯ ಕನ್ನಡ ಶಾಲೆಯಲ್ಲಿ ಕಲಿತು, ಮದುವೆಯಾಗಿ ಕೊಯಮತ್ತೂರು ಕಡೆಯ ಅವಿನಾಶಿ ಪಕ್ಕದ ಈ ನೇಕಾರರ ಬೀದಿಗೆ ಬಂದಾಗ ನನಗೆ ಇಲ್ಲಿ ಪರಿಚಯವಿದ್ದದ್ದು ಆ ಅಲ್ಮೇರಾ ಒಂದೇ. ಇವರೆಲ್ಲ ಕನ್ನಡದವರು ಎಂದು ಹೇಳಿ ನನ್ನನ್ನು ಕೊಟ್ಟರು. ಕನ್ನಡವಂತೆ. ಒತ್ತಿ ಹೇಳಲು 'ದಾ', ಅಲ್ಲವೇ ಎನ್ನಲು 'ದಾನೆ', ಆದರೆ ಎನ್ನಲು 'ಆನಾ', ಮಗ್ಗ ಅನ್ನಲು ತರಿ ಅನ್ನುತ್ತಾರೆ. ಸಂಜೆ ಅತ್ತೆ ಬಾಗಿಲಲ್ಲಿ ನಿಂತು "ಪಾವು ಬಂತು, ಪಾವು ಬಂತು" ಎಂದು ಕೂಗಿದರು. ಪಾವಂತೆ ಪಾವು. ಮಗ್ಗಕ್ಕೇರಿಸುವ ನೂಲನ್ನು ಹಾಸು ಎನ್ನಲು ನಾಲಿಗೆ ಸವೆಯುತ್ತದೆಯೇ? ಅತ್ತೆಯ ಬಾಯಲ್ಲಿ ಕನ್ನಡ ಕುಂಟುತ್ತದೆ, ಕೇಳಲಾಗುವುದಿಲ್ಲ.

ಹೀಗೆಲ್ಲ ಧೈರ್ಯವಾಗಿ ಬರೆಯುತ್ತೇನೆ, ಏಕೆಂದರೆ ಈ ಮನೆಯಲ್ಲಿ ಕನ್ನಡ ಲಿಪಿ ಯಾರಿಗೂ ಬಾರದು. ದಿನಚರಿಗೆ ಇದಕ್ಕಿಂತ ಭದ್ರವಾದ ಬೀಗ ಬೇಕಿಲ್ಲ.

ಮೇ 8, ಗುರುವಾರ

ಮೇಲಿನ ಕಚೇರಿಯಿಂದ ಆದೇಶ. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಡಿಜಿಟಲ್ ಸಾಮಗ್ರಿ ಹೆಚ್ಚಿಸಲು ಗ್ರಂಥಪಾಲಕರಿಗೆ ವೆಬ್ ತಂತ್ರಜ್ಞಾನದ ತರಬೇತಿ, ಎರಡು ವಾರ, ಕೊಯಮತ್ತೂರಿನಲ್ಲಿ. ಕೊನೆಗೆ ಪ್ರತಿಯೊಬ್ಬರೂ ತಮ್ಮ ಶಾಖೆಗೆ ಒಂದು ವೆಬ್ ಪುಟ ಮಾಡಬೇಕು. ಬೇರೆ ಯಾರೂ ಒಪ್ಪದ್ದರಿಂದ ನನ್ನ ಹೆಸರು ಹೋಗಿದೆ. ನಾಲ್ಕು ವರ್ಷದ ಹಿಂದೆ ಶಾಖೆಗೆ ಬಂದ ಕಂಪ್ಯೂಟರಿನ ಮೇಲೆ ನಾನು ಇವತ್ತಿಗೂ ಹೂವಿನ ಕುಂಡ ಇಟ್ಟಿದ್ದೇನೆ.

ನಮ್ಮನೆಯವರು, ಅಂದರೆ ಚೆನ್ನಕೇಶವನ್, ಪವರ್‌ಲೂಮ್ ಶೆಡ್ಡಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಆದೇಶ ನೋಡಿದರು. "ಈ ವಯಸ್ಸಲ್ಲಾ?" ಅಂದರು.

"ಯಾಕೆ, ಕಂಪ್ಯೂಟರು ವಯಸ್ಸು ಕೇಳುತ್ತದೆಯೇ?" ಅಂದೆ. ಆಮೇಲೆ ಮಾತಾಡಲಿಲ್ಲ. ಅವರ ಒಳ್ಳೆಯ ಗುಣವೆಂದರೆ ಅದು.

ಮೇ 13, ಮಂಗಳವಾರ

ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬಂದೆ. ಕಾಲು ಊದಿದೆ.

ಕಲಿಸುವವನ ಹೆಸರು ಇಳಂಗೋ. ನನ್ನ ತಂಗಿಯ ಮಗನ ವಯಸ್ಸು, ಗುರುವಿನ ಗಾಂಭೀರ್ಯ. ಪುಟದ ಮೇಲೆ ಏನೇ ಕಾಣಬೇಕಿದ್ದರೂ ಅದಕ್ಕೊಂದು ಟ್ಯಾಗ್ ತೆರೆಯಬೇಕು, ಮುಗಿದ ಮೇಲೆ ಮುಚ್ಚಬೇಕು. ದಪ್ಪ ಅಕ್ಷರಕ್ಕೆ ತೆರೆದೆ, ಮುಚ್ಚಲು ಮರೆತೆ. ನನ್ನ ಇಡೀ ಪುಟ ದಪ್ಪಗಾಯಿತು. ಪಕ್ಕದಲ್ಲಿ ಕುಳಿತಿದ್ದ ಕಾಂಗೇಯಂನ ಪಳನಿಯಮ್ಮ ನಕ್ಕರು. ಆಮೇಲೆ ಅವರ ಪುಟ ಪೂರ್ತಿ ಮಾಯವಾಯಿತು. ನಾನು ನಗಲಿಲ್ಲ, ಆದರೆ ನಗು ಬಂದದ್ದು ನಿಜ.

ಮೇ 16, ಶುಕ್ರವಾರ

ಬರಲಿಲ್ಲ. ಏನೂ ಬರಲಿಲ್ಲ. ಮನೆಗೆ ಬಂದು ಬೇಳೆ ಬೇಯಿಸಿದೆ.

ಮೇ 17, ಶನಿವಾರ

ಅತ್ತೆ ಊಟದ ಹೊತ್ತಿಗೆ, "ಏನ್ ಅಮ್ಮಿಣಿ, ಮುಖ ಬಾಡೋಗದೆ? ಕಷ್ಟಾನಾ ಅದು? ಕಷ್ಟ ಆದ್ರೆ ಬಿಟ್ಬುಡು" ಅಂದರು. ಬಿಡು ಎಂದು ಯಾರಾದರೂ ಹೇಳಿದರೆ ಸಾಕು, ನನಗೆ ಮೈಯೆಲ್ಲ ಹಟ ಹತ್ತುತ್ತದೆ. ಊಟ ಮುಗಿಸಿ ಲೈಬ್ರರಿಗೆ ಹೋಗಿ ಕಂಪ್ಯೂಟರಿನ ಮೇಲಿನ ಹೂಕುಂಡ ಇಳಿಸಿ, ಕತ್ತಲಾಗುವವರೆಗೂ ತೆರೆದೆ, ಮುಚ್ಚಿದೆ, ತೆರೆದೆ, ಮುಚ್ಚಿದೆ.

ಮೇ 22, ಗುರುವಾರ

ಇಳಂಗೋ ಎಲ್ಲರ ಪುಟವನ್ನೂ ನೋಡುತ್ತ ಬಂದ. ಎಲ್ಲರದೂ ಒಂದೇ: ಕಟ್ಟಡದ ಫೋಟೋ, ತೆರೆಯುವ ಸಮಯ, ಸಿಬ್ಬಂದಿಯ ಹೆಸರು. "ಅಕ್ಕಾ, ನಿಮ್ಮ ಪುಟದಲ್ಲಿ ಏನು ಹಾಕುತ್ತೀರಿ?" ಎಂದು ಕೇಳಿದ.

ನಿನ್ನೆ ಅವನು ಪುಟದೊಳಗೆ ಧ್ವನಿ ಇಡುವುದನ್ನು ಕಲಿಸಿದ್ದ. ಒತ್ತಿದರೆ ಮಾತಾಡುತ್ತದೆ. ಅದನ್ನು ಕಂಡ ಕ್ಷಣದಿಂದ ನನ್ನ ತಲೆಯಲ್ಲಿ ಒಂದೇ ವಿಚಾರ ಓಡುತ್ತಿದೆ. ನಮ್ಮ ಬೀದಿಯವರಿಗೆ ಕನ್ನಡ ಓದಲು ಬಾರದು, ಸರಿ. ಕೇಳಿದರೆ ಅರ್ಥವಾಗುತ್ತದಲ್ಲ? ಅಲ್ಮೇರಾದ ಪುಸ್ತಕಗಳನ್ನು ನಾನೇ ಓದಿ ಪುಟಕ್ಕೆ ಹಾಕುತ್ತೇನೆ. ಫೋನಿನಲ್ಲಿ ಕೇಳಲಿ. ರುಚಿ ಹತ್ತಿದರೆ ಪುಸ್ತಕ ಹುಡುಕಿಕೊಂಡು ಬರುತ್ತಾರೆ. ಆಗ ದೀನದಯಾಳನ್ ಯಾವ ಬಾಯಲ್ಲಿ ರದ್ದಿ ಅನ್ನುತ್ತಾರೋ ನೋಡುತ್ತೇನೆ.

ಹೇಳಿದೆ. ಇಳಂಗೋ ತಲೆ ಕೆರೆದುಕೊಂಡ. ಹಕ್ಕಿನ ತಕರಾರು ಬಾರದ ಹಳೆಯ ಪುಸ್ತಕಗಳನ್ನು ಮಾತ್ರ ಓದಿ ಎಂದ. ನಮ್ಮ ಅಲ್ಮೇರಾದಲ್ಲಿ ಜನಪದ ಕಥೆಗಳ ಹಳೆಯ ಸಂಗ್ರಹವೊಂದಿದೆ. ಎಷ್ಟು ಹಳೆಯದೆಂದರೆ ಹಾಳೆ ಮುಟ್ಟಿದರೆ ಉದುರುತ್ತದೆ. ಅದರಿಂದಲೇ ಶುರು.

ಮೇ 29, ಗುರುವಾರ

ರೆಕಾರ್ಡ್ ಮಾಡುವುದು ಸುಲಭ, ಸುಮ್ಮನಿರುವ ಜಾಗ ಸಿಗುವುದು ಕಷ್ಟ. ಈ ಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಲ್ಲ ಶೆಡ್ಡುಗಳಲ್ಲೂ ತರಿ ಬಡಿಯುತ್ತಿರುತ್ತದೆ. ರಾಜಕುಮಾರಿ ಕಾಡಿಗೆ ಹೊರಟಳು ಎಂದು ಓದಿದೆ, ಕೇಳಿದರೆ ರಾಜಕುಮಾರಿ ಸ್ಪಿನ್ನಿಂಗ್ ಮಿಲ್ಲಿಗೆ ಹೊರಟಂತಿತ್ತು.

ಇವತ್ತು ದುರಸ್ತಿಗೆಂದು ಇಡೀ ದಿನ ಕರೆಂಟ್ ನಿಲ್ಲಿಸಿದ್ದರು. ಬೀದಿಯೆಲ್ಲ ಕರೆಂಟಿನವರನ್ನು ಬೈಯುತ್ತಿದ್ದರೆ ನಾನೊಬ್ಬಳು ಹಬ್ಬ ಮಾಡಿದೆ. ಐದು ಕಥೆ ಓದಿದೆ. ಒಂದಕ್ಷರ ತಪ್ಪಲಿಲ್ಲ. ಅಲ್ಪಪ್ರಾಣ ಮಹಾಪ್ರಾಣ ಎಲ್ಲವೂ ಎಲ್ಲಿರಬೇಕೋ ಅಲ್ಲಿ. ತಾಳವಾಡಿಯ ನನ್ನ ಮೇಷ್ಟರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು.

ಜೂನ್ 4, ಬುಧವಾರ

ಪುಟ ಇಂಟರ್ನೆಟ್ಟಿಗೆ ಏರಿತು. ನಾನು ಮಾಡಿದ ಪುಟ. ಮೇಲೆ ದೊಡ್ಡದಾಗಿ 'ಕನ್ನಡ ಕಥಾಮಂಜರಿ', ಕೆಳಗೆ ಐದು ಕಥೆಗಳ ಹೆಸರು, ಪ್ರತಿಯೊಂದರ ಪಕ್ಕದಲ್ಲಿ 'ಆಲಿಸಲು ಇಲ್ಲಿ ಒತ್ತಿ'. ಎಲ್ಲ ಚೆಂದದ ಕನ್ನಡ ಅಕ್ಷರ. ಈ ಬೀದಿಯಲ್ಲಿ ಇಷ್ಟು ಕನ್ನಡ ಅಕ್ಷರ ಒಟ್ಟಿಗೆ ಯಾರೂ ಕಂಡಿರಲಾರರು.

ಹೆಂಗಸರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಕೈ ಮುಗಿದ ಚಿತ್ರಗಳು, ಹೂವಿನ ಚಿತ್ರಗಳು ಬಂದವು. ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಜೂನ್ 9, ಸೋಮವಾರ

ಎಷ್ಟು ಜನ ಕೇಳಿದರು ಎಂದು ಪುಟವೇ ತೋರಿಸುತ್ತದೆ. ಮೂರು: ನಾನು, ನಮ್ಮನೆಯವರು, ಇಳಂಗೋ. ಅಷ್ಟೇ. ನಮ್ಮನೆಯವರೂ ಅರ್ಧಕ್ಕೆ ನಿಲ್ಲಿಸಿದ್ದಾರೆ.

ಈ ಜನಕ್ಕೆ ಸೀರಿಯಲ್ಲು ಬೇಕು, ಜಾತಕ ಬೇಕು, ಅವರಿವರ ಮನೆಯ ಸುದ್ದಿ ಬೇಕು. ತಮ್ಮ ಭಾಷೆ ಬೇಡ. ದೀನದಯಾಳನ್ ಹೇಳಿದ್ದೇ ಸರಿಯಿರಬಹುದು. ಇಂಥವರಿಗಾಗಿ ಕಾಲು ಊದಿಸಿಕೊಂಡೆನಲ್ಲ.

ಜೂನ್ 11, ಬುಧವಾರ

ಎದುರು ಶೆಡ್ಡಿನ ತಮಿಳ್‌ಸೆಲ್ವಿ ಲೈಬ್ರರಿಗೆ ಬಂದಳು. ಹೆಸರು ಹಾಗಿದ್ದರೂ ಮನೆಮಾತು ಕನ್ನಡ, ನಮ್ಮವಳೇ. ಫೋನ್ ಮುಂದೆ ಹಿಡಿದು, "ಅಕ್ಕಾ, ನೀವ್ ಕಳ್ಸಿದ್ದು ತೆಗ್ದೆ. ಆನಾ ಪೂರಾ ಜಿಲೇಬಿ ಜಿಲೇಬಿಯಾ ಇದೆ. ಎಲ್ಲಿ ಒತ್ತೋದು ಅಂತಾನೇ ಗೊತ್ತಾಗಲ್ಲೆ. ಎಲ್ಲಾನೂ ಒತ್ತಿ ಏನಾದ್ರೂ ಕೆಟ್ಟೋದ್ರೆ ಅಂತ ಸುಮ್ಮಾ ಬಿಟ್ಟೆ" ಅಂದಳು.

ಅವಳ ಫೋನ್ ತೆಗೆದುಕೊಂಡು ನನ್ನ ಪುಟವನ್ನೇ ನೋಡಿದೆ. ಓದು ಬಾರದವರು ಕೇಳಲಿ ಎಂದು ಮಾಡಿದ ಪುಟ. ಕೇಳಲು ಎಲ್ಲಿ ಒತ್ತಬೇಕು ಎಂಬುದನ್ನು ಓದಲು ಬಂದವರಿಗೆ ಮಾತ್ರ ತಿಳಿಯುವಂತೆ ಬರೆದಿದ್ದೇನೆ.

ಎರಡು ವಾರದ ತರಬೇತಿ, ಐದು ಕಥೆ, ಒಂದಕ್ಷರ ತಪ್ಪಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊನ್ನೆ ನೆಲಕ್ಕೆ ಬೈದದ್ದನ್ನು ಇಲ್ಲಿಯೇ ಬರೆದಿದ್ದೇನೆ. ಹೊಡೆದುಹಾಕುವುದಿಲ್ಲ, ಇರಲಿ.

ಜೂನ್ 12, ಗುರುವಾರ

ಈ ಬೀದಿಯವರಿಗೆ ಓದಲು ಬರುವುದು ತಮಿಳಕ್ಷರ. ಹಾಗೆಂದು ನಾನು ತಮಿಳಕ್ಷರದಲ್ಲಿ ಕನ್ನಡ ಬರೆಯುವುದಿಲ್ಲ. ಕಥೆಯ ಹೆಸರಿನಲ್ಲಿ ಮಹಾಪ್ರಾಣ ಬಂದರೆ ಅದನ್ನು ಎಲ್ಲಿಡಲಿ? ಅದರಲ್ಲಿ ಕ ಒಂದೇ ಅಕ್ಷರಕ್ಕೆ ನಾಲ್ಕು ಉಚ್ಚಾರ. ನನ್ನಿಂದ ಆಗದು.

ಜೂನ್ 14, ಶನಿವಾರ

ಆಗುವುದಿಲ್ಲ ಎಂದರೆ ಆಗುವುದಿಲ್ಲ.

ಜೂನ್ 15, ಭಾನುವಾರ

ಮಾಡಿದೆ.

ಆದರೆ ನನ್ನ ಅಕ್ಷರವನ್ನು ಇಳಿಸಲಿಲ್ಲ. ಮೇಲೆ ಒಂದು ಸಾಲು ಕನ್ನಡ ಅಕ್ಷರ, ಅದರ ಕೆಳಗೆ ಅದೇ ಮಾತು ತಮಿಳಕ್ಷರದಲ್ಲಿ, ಅದೇ ಗಾತ್ರ, ಅದೇ ಬಣ್ಣ. ಕಥೆಗಳ ಹೆಸರಷ್ಟೇ ಅಲ್ಲ, ಕಥೆಯ ಸಾಲುಗಳನ್ನೂ ಹಾಗೆಯೇ ಹಾಕುತ್ತಿದ್ದೇನೆ. ಕೇಳುವವರು ಕೇಳಲಿ, ನೋಡುವವರು ನೋಡಲಿ. 'ಆಲಿಸಲು ಇಲ್ಲಿ ಒತ್ತಿ' ಹೋಯಿತು. 'ಇದ್ನ ಒತ್ತಿ ಕೇಳಿ' ಎಂದು ಬರೆದೆ. ಕಥಾಮಂಜರಿಯೂ ಹೋಯಿತು. 'ನಮ್ಮ ಮಾತು' ಎಂದಿಟ್ಟೆ.

ಇಳಂಗೋ ಫೋನಿನಲ್ಲಿ ಸಾಲುಗಳನ್ನು ಹೊಂದಿಸುವುದನ್ನು ಹೇಳಿಕೊಟ್ಟ. ಮೂರು ಸಲ ಕೆಡಿಸಿ ನಾಲ್ಕನೆಯ ಸಲಕ್ಕೆ ಬಂತು.

ಜೂನ್ 19, ಗುರುವಾರ

ಈಗ ಒತ್ತುತ್ತಾರೆ. ಒತ್ತಿ, ಸ್ವಲ್ಪ ಕೇಳಿ, ಬಿಟ್ಟುಬಿಡುತ್ತಾರೆ.

ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಫೋನ್ ಇಟ್ಟು ಒತ್ತಿದೆ. ಅತ್ತೆ, ಅಂದರೆ ರುಕ್ಮಣಿಯಮ್ಮ, ಈರುಳ್ಳಿ ಬಿಡಿಸುತ್ತ ಕೇಳಿದರು. ಎಷ್ಟೋ ಹೊತ್ತಾದ ಮೇಲೆ, "ಯಾರ್ ಇದು, ರೇಡಿಯೋದಲ್ಲಿ ಮಳೆ ಬರ್ತದೆ ಅಂತ ಹೇಳ್ದಂಗೆ ಹೇಳ್ತಾ ಇರೋದು?" ಎಂದು ಕೇಳಿದರು.

"ನಾನೇ ಅತ್ತೆ."

"ನೀನಾ? ಮನೇಲಿ ಜಗಳ ಆಡ್ವಾಗ ಚೆನ್ನಾಗ್ ದಾನೆ ಮಾತಾಡ್ತೀಯ." ಇನ್ನೊಂದು ಈರುಳ್ಳಿ ಎತ್ತಿಕೊಂಡು, "ತರುವಾಯ ತರುವಾಯ ಅಂತೀಯಲ್ಲ, ಯಾರದು ತರುವಾಯ? ರಾಜನ್ ಮಗನಾ?" ಅಂದರು.

ಸಿಟ್ಟು ಬರಬೇಕಿತ್ತು. ಈರುಳ್ಳಿಯ ಖಾರಕ್ಕೋ ಏನೋ ಕಣ್ಣಲ್ಲಿ ನೀರು ಬಂತು, ಇಬ್ಬರಿಗೂ. ನಗುತ್ತಲೇ ಇದ್ದೆವು.

ಜೂನ್ 25, ಬುಧವಾರ, ಅಮಾವಾಸ್ಯೆ

ಅಮಾವಾಸ್ಯೆಯ ದಿನ ನೇಕಾರರು ತರಿ ಮುಟ್ಟುವುದಿಲ್ಲ. ಕೈಮಗ್ಗದ ಕಾಲದ ಪದ್ಧತಿ, ಪವರ್‌ಲೂಮ್ ಬಂದ ಮೇಲೂ ನಮ್ಮ ಬೀದಿಯಲ್ಲಿ ಉಳಿದಿದೆ. ಒಂದೊಂದು ಶೆಡ್ಡಿನಲ್ಲೂ ಪಾವು ಅರ್ಧ ನೆಯ್ದಂತೆ ಹಾಗೇ ನಿಂತಿರುತ್ತದೆ. ಬೀದಿ ಎಷ್ಟು ಸುಮ್ಮನಿತ್ತೆಂದರೆ ಆಚೆ ಮನೆಯಲ್ಲಿ ಒಗ್ಗರಣೆ ಸಿಡಿದದ್ದೂ ಕೇಳಿಸಿತು.

ಬೆಳಗಿನ ಕೆಲಸ ಮುಗಿಸಿ ಲೈಬ್ರರಿ ತೆರೆಯುವ ಮುಂಚೆ ರೆಕಾರ್ಡ್ ಮಾಡಲು ಕುಳಿತೆ. ಅತ್ತೆಯನ್ನು ಎದುರಿಗೆ ಕೂರಿಸಿಕೊಂಡೆ, ಅರ್ಥವಾಗದ್ದನ್ನು ಆಮೇಲೆ ಹೇಳಿ ಎಂದು. ಅವರು ಆಮೇಲಿನವರೆಗೆ ಕಾಯುವವರೇ? ಕಥೆ ಉಪ್ಪು ಕದಿಯುವ ಅತ್ತೆಯದು. ಸೊಸೆಗೆ ಕೆಟ್ಟ ಹೆಸರು ಬರಲೆಂದು ಅತ್ತೆ ದಿನವೂ ಸಾರಿನ ಮಡಕೆಗೆ ಹಾಕುವ ಉಪ್ಪನ್ನು ಕದ್ದು ಸೆರಗಿನಲ್ಲಿ ಕಟ್ಟಿಕೊಳ್ಳುತ್ತಾಳೆ. ನಾನು ಎರಡು ಸಾಲು ಓದುವುದರೊಳಗೆ ನಮ್ಮ ಅತ್ತೆ ತಡೆದರು.

"ಉಪ್ಪ್ ಕದಿಯಕ್ಕೆ ಏನ್ ಬಂತು ಅವಳ್ಗೆ? ಆ ಸೊಸೆ ಮೊದ್ಲು ಏನ್ ಮಾಡ್ದಾಳೋ, ಅದ್ನ ಬರ್ದಿದ್ದಾರಾ?"

"ಬರೆದಿಲ್ಲ ಅತ್ತೆ."

"ಬರೀಲ್ಲ. ಬರೆಯೋರೆಲ್ಲ ಸೊಸೆ ಕಡೆ ದಾ."

ಹೀಗೇ ಕಥೆಯುದ್ದಕ್ಕೂ. ಅತ್ತೆ ಕೇಳುವುದು, ನಾನು ಹೇಳುವುದು, ಪುಸ್ತಕದ ಮಾತನ್ನು ಅವರ ಮಾತಿನಲ್ಲಿ ಬಿಡಿಸುವುದು, ಅವರು ಒಪ್ಪದಿರುವುದು. ಕೊನೆಗೆ ಸೆರಗಿನ ಉಪ್ಪು ಮಳೆಯಲ್ಲಿ ಕರಗಿ ಅತ್ತೆ ಸಿಕ್ಕಿಬೀಳುವಾಗ, "ಅಯ್ಯೋ ಪಾವಂ, ಮುದುಕಿ" ಎಂದು ನಿಜಕ್ಕೂ ನೊಂದುಕೊಂಡರು. ಮತ್ತೊಮ್ಮೆ ಶುದ್ಧವಾಗಿ ಓದೋಣ ಎಂದು ಮೊದಲಿಗೆ ಬಂದೆ. ಓದಿ ನೋಡಿದೆ. ಬೇಡವೆನಿಸಿತು. ಅತ್ತೆಯ ತಕರಾರುಗಳ ಸಮೇತ ಹಾಗೆಯೇ ಪುಟಕ್ಕೆ ಹಾಕಿದೆ.

ಜುಲೈ 3, ಗುರುವಾರ

ಉಪ್ಪಿನ ಕಥೆ ಬೀದಿ ದಾಟಿದೆ. ತಮಿಳ್‌ಸೆಲ್ವಿ ದಾರಿಯಲ್ಲಿ ಕಂಡರೆ "ಬರೆಯೋರೆಲ್ಲ ಸೊಸೆ ಕಡೆ ದಾ" ಅನ್ನುತ್ತಾಳೆ. ಕೊಯಮತ್ತೂರು ಕಡೆಯ ಕುರಿಚಿಯ ಫೌಂಡ್ರಿಯೊಂದರಲ್ಲಿ ಕೆಲಸ ಮಾಡುವ ಯಾರೋ ಲಿಂಗಸಾಮಿ, ನಮ್ಮವರೇ ಅಂತೆ, ಧ್ವನಿ ಕಳಿಸಿದ್ದಾರೆ: "ಅಮ್ಮಾ, ನಮ್ಮ ಅಮ್ಮ ಹಿಂಗೇ ದಾ ಮಾತಾಡ್ತಾ ಇದ್ರು. ಇನ್ನೊಂದ್ ಕಥೆ ಯಾವಾಗ ಬರ್ತದೆ?" ಅದನ್ನು ಅತ್ತೆಗೆ ಕೇಳಿಸಿದೆ. ಸೆರಗು ಸರಿಮಾಡಿಕೊಂಡು ಇನ್ನೊಮ್ಮೆ ಹಾಕು ಅಂದರು. ಮತ್ತೆ ಇನ್ನೊಮ್ಮೆ.

ಈಗ ಮಧ್ಯಾಹ್ನ ಅಡುಗೆ ಮುಗಿದ ಮೇಲೆ ನನ್ನ ಹಳೆಯ ಫೋನ್ ಹಿಡಿದು, ತಮ್ಮ ಧ್ವನಿಯನ್ನೇ ಹಾಕಿಕೊಂಡು, ಪುಟದ ಸಾಲುಗಳ ಮೇಲೆ ಬೆರಳಾಡಿಸುತ್ತ ಕೂರುತ್ತಾರೆ. ಐದನೆಯ ಕ್ಲಾಸಿನವರೆಗೆ ತಮಿಳು ಓದಿದ್ದಾರೆ, ಕೆಳಗಿನ ಸಾಲು ಬರುತ್ತದೆ. ಸಾರು ಎರಡು ದಿನ ಸೀದುಹೋಯಿತು.

ಜುಲೈ 10, ಗುರುವಾರ

ದೀನದಯಾಳನ್ ಫೋನ್ ಮಾಡಿದರು. ಪುಟ ನೋಡಿದ್ದಾರೆ. "ಚೆನ್ನಾಗ್ ದಾ ಇದೆ ಅಮ್ಮಾ. ಮೀಟಿಂಗಲ್ಲೂ ಹೇಳ್ದೆ."

ಹಿಗ್ಗಿದೆ. ಹಿಗ್ಗಿದ್ದು ತಪ್ಪಾಯಿತು.

"ಆನಾ ಅಲ್ಮೇರಾ ವಿಷಯ ಬೇರೆ. ಕೇಳಿದ್ದು ಲೆಕ್ಕಕ್ಕೆ ಬರಲ್ಲ. ಪುಸ್ತಕ ಹೊರಗ್ ಹೋಗಿದ್ರೆ ದಾ ಲೆಕ್ಕ. ಒಂದೂ ಹೋಗಿಲ್ಲ ದಾನೆ? ಜುಲೈ ಇಪ್ಪತ್ತೆಂಟಕ್ಕೆ ಬರ್ತೀನಿ. ರದ್ದಿಯವನ್ನೂ ಕರ್ಕೊಂಡ್ ಬರ್ತೀನಿ."

ಒಂದೂ ಹೋಗಿಲ್ಲ, ನಿಜ. ಊರೆಲ್ಲ ಕೇಳುತ್ತಿದೆ, ಪುಸ್ತಕ ಕೇಳಿಕೊಂಡು ಒಬ್ಬರೂ ಬಂದಿಲ್ಲ. ಬಂದು ಏನು ಮಾಡಿಯಾರು? ಫೋನ್ ಇಟ್ಟು ಅಲ್ಮೇರಾದ ಬಾಗಿಲು ತೆಗೆದು ನಿಂತುಕೊಂಡೆ. ನನ್ನ ಪುಟ ಕೂಡ ಇವುಗಳನ್ನು ಉಳಿಸಲಿಲ್ಲ. ಅಳು ಬಂತು. ಪತ್ರಿಕೆ ಓದುತ್ತಿದ್ದ ರಾಮಲಿಂಗಂ ತಾತ ಕನ್ನಡಕ ಏರಿಸಿ ನೋಡಿದರು. ಅವರನ್ನೂ ದುರುಗುಟ್ಟಿ ನೋಡಿದೆ.

ಜುಲೈ 13, ಭಾನುವಾರ

ಮನೆಯಲ್ಲಿ ಹೇಳಿದೆ. ನಮ್ಮನೆಯವರು, ಹೋಗಲಿ ಬಿಡು, ಮಾಡುವಷ್ಟು ಮಾಡಿದೆ ಅಂದರು. ಅತ್ತೆ ಎಲೆ ಮಡಿಸಿ ಎದ್ದವರು ಮತ್ತೆ ಕುಳಿತರು.

"ಪುಸ್ತಕ ಎತ್ಕೊಂಡ್ ಹೋದ್ರೆ ದಾನೆ ಉಳಿಯೋದು? ಆಡಿ ಅಮಾಸೆ ಬರ್ತದೆ. ತರಿ ನಿಲ್ತದೆ. ಎಲ್ರೂ ಬಂದು ಎತ್ಕೊಂಡ್ ಹೋಯ್ತೀವಿ."

"ಓದಲು ಬಾರದವರು ಪುಸ್ತಕ ಒಯ್ದು ಏನು ಮಾಡುತ್ತೀರಿ ಅತ್ತೆ? ಅದು ಕಣ್ಣಿಗೆ ಮಣ್ಣೆರಚಿದ ಹಾಗೆ."

"ಏನ್ ಮಣ್ಣು? ನೀ ಓದು. ನಾವ್ ಪುಸ್ತಕ ಹಿಡ್ಕೊಂತೀವಿ. ದೇವಸ್ಥಾನದಲ್ಲಿ ಮಂತ್ರ ಅಯ್ಯರ್ ಹೇಳ್ತಾರೆ, ಕೈ ನಾವ್ ದಾನೆ ಮುಗಿಯೋದು?"



ಜುಲೈ 16, ಬುಧವಾರ

ಸುಮ್ಮನೆ ಹಿಡಿದುಕೊಳ್ಳುವುದು ಬೇಡ. ರಾತ್ರಿ ತರಿ ನಿಂತ ಮೇಲೆ ನಿದ್ದೆಗೆಟ್ಟು ಎಲ್ಲ ಕಥೆಗಳನ್ನೂ ಹೊಸದಾಗಿ ಓದುತ್ತಿದ್ದೇನೆ. ಪುಸ್ತಕದ ಒಂದು ಪುಟ ಮುಗಿದಾಗ ಟಕ್ ಎಂದು ಮೇಜು ತಟ್ಟುತ್ತೇನೆ. ಟಕ್ ಅಂದಾಗ ಪುಟ ತಿರುಗಿಸಬೇಕು. ಆಗ ಕಿವಿಯಲ್ಲಿರುವುದೇ ಕಣ್ಣ ಮುಂದೆಯೂ ಇರುತ್ತದೆ. ಒಳಗಿನ ಅಕ್ಷರ ಯಾವಾಗಲಾದರೂ ಹತ್ತೀತು, ಹತ್ತದಿದ್ದರೂ ಪುಸ್ತಕ ಕೈಯಲ್ಲಿರುತ್ತದೆ. ಉಳಿದ ಪುಸ್ತಕಗಳಲ್ಲಿ ಹಳೆಯವನ್ನು ಒಂದೊಂದಾಗಿ ಓದಿ ಹಾಕುತ್ತೇನೆ. ಹೊಸವಕ್ಕೆ ಬರೆದವರನ್ನು ಹುಡುಕಿ ಒಪ್ಪಿಗೆ ಕೇಳುತ್ತೇನೆ. ನಿವೃತ್ತಿಗೆ ಇನ್ನೂ ಕಾಲವಿದೆ.

ಅತ್ತೆ ದಿನಾ ಮಧ್ಯಾಹ್ನ ಮನೆಮನೆಗೆ ಹೋಗಿ ಬರುತ್ತಿದ್ದಾರೆ. ಮಂಡಿನೋವು ಎಲ್ಲಿ ಹೋಯಿತೋ ಕಾಣೆ.

ಜುಲೈ 24, ಗುರುವಾರ, ಆಡಿ ಅಮಾವಾಸ್ಯೆ

ಬೆಳಿಗ್ಗೆ ಯಾರೂ ಬರಲಿಲ್ಲ. ತಮಿಳರ ಆಡಿ ತಿಂಗಳ ಅಮಾವಾಸ್ಯೆ, ಎಲ್ಲರ ಮನೆಯಲ್ಲೂ ಹಿರಿಯರಿಗೆ ಎಡೆ ಇಡುವ ದಿನ. ಹನ್ನೆರಡಕ್ಕೆ ಬಾಗಿಲು ಹಾಕಿ ಮನೆಗೆ ಹೋಗಿ ಎರಡು ತುತ್ತು ತಿಂದು ಬಂದೆ.

ನಾಲ್ಕಕ್ಕೆ ಮತ್ತೆ ತೆರೆದಾಗ ಬೀದಿಯ ತುದಿಯಲ್ಲಿ ಅತ್ತೆ ಕಂಡರು. ತಲೆಗೆ ಎಣ್ಣೆ ಹಾಕಿ ಬಾಚಿ, ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಹಿಂದೆ ತಮಿಳ್‌ಸೆಲ್ವಿ, ಅವಳ ಹಿಂದೆ ಇಡೀ ಬೀದಿ. ನಾನು ಇಷ್ಟು ವರ್ಷ ದಾರಿಯಲ್ಲಿ ಮಾತ್ರ ಕಂಡಿದ್ದ ಹೆಂಗಸರು, ಲೈಬ್ರರಿಯ ಮೆಟ್ಟಿಲು ಒಮ್ಮೆಯೂ ಹತ್ತದವರು. ಚಪ್ಪಲಿ ಬಿಟ್ಟು, ಕಾಲು ತೊಳೆಯಬೇಕಾ ಎಂದು ಒಬ್ಬರು ಕೇಳಿದರು. ಪತ್ರಿಕೆಯ ಮೇಜಿನ ಗಂಡಸರು ಒಬ್ಬೊಬ್ಬರಾಗಿ ಎದ್ದು ಜಾಗ ಬಿಟ್ಟರು.

ಸದಸ್ಯತ್ವದ ಅರ್ಜಿ ತುಂಬಿಸಿದೆ. ಒಬ್ಬರಿಗೆ ಮೂರು ಪುಸ್ತಕ. ಯಾವುದು ಬೇಕು ಎಂದರೆ, ಅಕ್ಷರ ಬಾರದವರು ಹೇಗೆ ಆರಿಸುತ್ತಾರೆ? ಅವರು ಆರಿಸಿದರು. ಒಬ್ಬಳು ತೂಕ ನೋಡಿದಳು, ಒಬ್ಬಳು ಮೂಸಿ ನೋಡಿದಳು. ಇನ್ನೊಬ್ಬಳು ಹೊಲಿಗೆ ಬಿಚ್ಚಿದ ಪುಸ್ತಕವನ್ನೇ ಎತ್ತಿಕೊಂಡು, ಇದ್ನ ಹೊಲ್ಕೊಂಡ್ ಬರ್ತೀನಿ ಅಂದಳು. ಉಪ್ಪಿನ ಕಥೆಯ ಪುಸ್ತಕಕ್ಕೆ ಇಬ್ಬರಲ್ಲಿ ಸಣ್ಣ ಜಗಳವಾಯಿತು. ಅತ್ತೆ ಇಬ್ಬರಿಗೂ ಕೊಡದೆ ತಾವೇ ಕಂಕುಳಲ್ಲಿ ಇರುಕಿಕೊಂಡರು. ಅದರೊಳಗಿನ ಅತ್ತೆ ನಾನ್ ದಾ ಅಂದರು.

ಬರೆದು ಬರೆದು ನನ್ನ ಬೆರಳು ಸೆಟೆದವು. ಸಂಜೆ ದೀಪ ಹಾಕುವ ಹೊತ್ತಿಗೆ ಅಲ್ಮೇರಾದಲ್ಲಿ ಉಳಿದದ್ದು ಹಲ್ಲಿ ಮೊಟ್ಟೆಯ ಎರಡು ಸಿಪ್ಪೆ.

ಜುಲೈ 28, ಸೋಮವಾರ

ಬಂದರು. ಚೀಲ ಹಿಡಿದ ರದ್ದಿಯವನ ಸಮೇತ.

ದೀನದಯಾಳನ್ ಅಲ್ಮೇರಾದ ಬಾಗಿಲು ತೆಗೆದು, ನೋಡಿ, ಮುಚ್ಚಿ, ಮತ್ತೆ ತೆಗೆದು ನೋಡಿದರು. "ಪುಸ್ತಕ ಎಲ್ಲಿ?"

"ಹೊರಗೆ ಹೋಗಿವೆ ಸಾರ್." ಎರವಲಿನ ರಿಜಿಸ್ಟರ್ ಮುಂದಿಟ್ಟೆ.

ಹೆಸರುಗಳನ್ನು ಓದುತ್ತ ಹೋದರು. ಎಲ್ಲ ಗೊತ್ತಿರುವ ಮನೆತನಗಳು. ಒಂದೆರಡು ಅವರ ನೆಂಟರವೇ ಇದ್ದಿರಬೇಕು, ಹುಬ್ಬು ಏರಿತು. "ಇವ್ರಿಗೆಲ್ಲ ಕನ್ನಡ ಓದಕ್ಕೆ ಬರ್ತದಾ?"

"ಓದಕ್ಕೆ ಬರೋರಿಗೆ ಮಾತ್ರ ಪುಸ್ತಕ ಕೊಡ್ಬೇಕು ಅಂತ ರೂಲ್ಸಲ್ಲಿ ಎಲ್ಲಿದೆ, ತೋರ್ಸೀಂಗ ಸಾರ್. ಇದ್ರೆ ಈಗ್ಲೇ ಎಲ್ಲಾನೂ ವಾಪಸ್ ತರಿಸ್ತೀನಿ."

ಅವರು ರಿಜಿಸ್ಟರ್ ಮುಚ್ಚಿದರು. ರದ್ದಿಯವನು ಚೀಲ ಮಡಿಸಿ, ನಾನು ಹೊರಡಲಾ ಎಂದು ತಮಿಳಿನಲ್ಲಿ ಕೇಳಿದ. ದೀನದಯಾಳನ್ ಪರಿಶೀಲನೆಯ ಹಾಳೆಯಲ್ಲಿ 'ರದ್ದಿಗೆ: ಇಲ್ಲ' ಎಂದು ಬರೆದರು, ಪೆನ್ನು ಸ್ವಲ್ಪ ಜೋರಾಗಿ ಊರಿ. ಬಾಗಿಲವರೆಗೆ ಹೋಗಿ ತಿರುಗಿ, "ಆರ್ ತಿಂಗಳ್ ಬಿಟ್ಟು ತಿರ್ಗಾ ಬರ್ತೀನಮ್ಮಾ. ಆಗ್ಲೂ ಇಂಗೇ ಇರ್ಬೇಕು" ಅಂದರು.

"ಅಮಾಸೆ ನೋಡ್ಕೊಂಡ್ ಬನ್ನಿ ಸಾರ್," ಅಂದೆ. "ನಿಮ್ಮ ಅಮ್ಮನ್ನೂ ಕರ್ಕೊಂಡ್ ಬನ್ನಿ."

ಗೆದ್ದೆ. ಇದನ್ನು ಸಣ್ಣ ಅಕ್ಷರದಲ್ಲಿ ಬರೆಯುವ ಮನಸ್ಸಿಲ್ಲ. ಗೆದ್ದೆ.

ಆಗಸ್ಟ್ 7, ಗುರುವಾರ

ಪುಸ್ತಕಗಳು ಹಿಂತಿರುಗುವ ದಿನ. ಬರುತ್ತವೋ ಇಲ್ಲವೋ ಎಂಬ ಅಳುಕು ಇತ್ತು. ಬಂದವು. ಹೊಲಿಗೆ ಬಿಚ್ಚಿದ್ದ ಪುಸ್ತಕ ಪಾವಿನ ನೂಲಿನಲ್ಲಿ ಹೊಲಿಸಿಕೊಂಡು, ನಮ್ಮ ಬೀದಿಯ ಶೆಡ್ಡಿನದೇ ಬಟ್ಟೆಯ ಹೊದಿಕೆ ಹಾಕಿಸಿಕೊಂಡು ಬಂತು. ಕೆಲವರು ಇನ್ನೂ ಮುಗಿದಿಲ್ಲ ಎಂದು ಮತ್ತೆ ಬರೆಸಿಕೊಂಡರು. ತಮಿಳ್‌ಸೆಲ್ವಿಗೆ ಒಂದು ಕಡೆ ಟಕ್ ಕೇಳಿಸಲಿಲ್ಲವಂತೆ, ಅಲ್ಲಿಂದ ಮುಂದೆ ಇಡೀ ಕಥೆಯಲ್ಲಿ ಒಂದು ಪುಟ ಹಿಂದೆಯೇ ಇದ್ದಳಂತೆ. ಬಂದು ನನ್ನೊಂದಿಗೆ ಜಗಳ ಆಡಿದಳು. ಸರಿಪಡಿಸಿದೆ.

ಅತ್ತೆ ಉಪ್ಪಿನ ಪುಸ್ತಕ ಕೊಡಲಿಲ್ಲ. ತಿರ್ಗಾ ನನ್ ಹೆಸ್ರಿಗೇ ಬರ್ಕೋ ಅಂದರು.

ಆಗಸ್ಟ್ 9, ಶನಿವಾರ

ರಜೆ. ಮಧ್ಯಾಹ್ನ ಊಟವಾದ ಮೇಲೆ ಈ ದಿನಚರಿಯನ್ನು ಮೇಜಿನ ಮೇಲೆ ತೆರೆದಿಟ್ಟು, ಒಲೆಯ ಮೇಲಿನ ಹಾಲು ನೋಡಲು ಹೋಗಿದ್ದೆ. ತಿರುಗಿ ಬಂದಾಗ ಅತ್ತೆ ನನ್ನ ಕುರ್ಚಿಯಲ್ಲಿ ಕುಳಿತು ಬೆರಳಿಟ್ಟಿದ್ದರು.

"ಅಮ್ಮಿಣಿ, ಇದು ಅತ್ತೆ ದಾನೆ?"

ನೋಡಿದೆ. ಹೌದು. ಅವರ ಬೆರಳಿನ ಕೆಳಗೆ ನಾನು ಬರೆದ 'ಅತ್ತೆ'. ಉಪ್ಪಿನ ಕಥೆಯ ಜೋಡಿ ಸಾಲುಗಳ ಮೇಲೆ ಬೆರಳಾಡಿಸಿ ಆಡಿಸಿ ಆ ಮಾತು ಅವರ ಕಣ್ಣಿಗೆ ಹತ್ತಿಬಿಟ್ಟಿದೆ.

"ಇಲ್ಲೂ ಅತ್ತೆ. ಇಲ್ಲೂ." ಪುಟಗಳನ್ನು ಹಿಂದಕ್ಕೆ ತಿರುಗಿಸುತ್ತ ಹೋದರು. ಒಂದೊಂದು ಪುಟದಲ್ಲೂ ಹುಡುಕಿ, ಸಿಕ್ಕಾಗ ಬೆರಳಿನಿಂದ ಮೇಜು ತಟ್ಟಿದರು, ನಾನು ರೆಕಾರ್ಡಿನಲ್ಲಿ ತಟ್ಟುವ ಹಾಗೆಯೇ. ಮೊದಲನೆಯ ಪುಟಕ್ಕೆ ಬಂದರು. ಮೇ ಐದು. "ಇಲ್ಲೂ ನಾನ್ ದಾ. ನನ್ ಮೇಲೆ ಏನ್ ಬರ್ದಿದ್ದೀಯ? ಓದು, ಕೇಳ್ತೀನಿ."

ಕಿತ್ತುಕೊಳ್ಳಬಹುದಿತ್ತು. ಬೇರೆ ಏನಾದರೂ ಓದಿದಂತೆ ನಟಿಸಬಹುದಿತ್ತು, ಅವರಿಗೇನು ತಿಳಿಯುತ್ತದೆ. ಈಗ ತಿಳಿದೀತೇನೋ.

"ಇದನ್ನು ಓದಿ ಹೇಳುವುದಿಲ್ಲ ಅತ್ತೆ," ಅಂದೆ. "ಬೇಕಾದರೆ ಕಲಿತು ನೀವೇ ಓದಿಕೊಳ್ಳಿ."

ಅತ್ತೆ ದಿನಚರಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಓದ್ತೀನಿ," ಅಂದರು. "ಓದ್ದೆ ಬಿಡ್ತೀನಾ?" ಕನ್ನಡಕ ತರಲು ಎದ್ದು ಹೋದರು.

ಲಿಪಿಯ ಬೀಗವಿದ್ದರೂ ಇಷ್ಟು ದಿನ ಇದನ್ನು ಸೀರೆಗಳ ಕೆಳಗೆ ಇಡುತ್ತಿದ್ದೆ. ಇನ್ನು ಮೇಲೆ ಮೇಜಿನ ಮೇಲೆಯೇ ಇರಲಿ.